ನಿಮ್ಮವ್ವ ತೆಗೆದ ಕಾರ್ಡು

ವೀಣ,

ನಿನ್ನ ಹಳೆಯ ನಂಬರು ಈಗ ಬೇರೆ ಯಾರದೋ ಆಗಿದೆ. ನೀನೆಲ್ಲಿದ್ದೀಯೋ ನನಗೂ ಗೊತ್ತಿಲ್ಲ. ಆದರೂ ಬರೆಯದೆ ಇರಲಾಗುತ್ತಿಲ್ಲ.

ಇವತ್ತು ಮಧ್ಯಾಹ್ನ ನಿಮ್ಮವ್ವ ಬೆಸಗರಹಳ್ಳಿಯಿಂದ ಬಸ್ಸು ಹತ್ತಿ, ಮದ್ದೂರಿನ ನನ್ನ ಟೈಲರಿಂಗ್ ಅಂಗಡಿಗೆ ಬಂದಿದ್ದರು. ಬಿಡುವಿದ್ದಾಗ ನಾನು ಕಾರ್ಡು ತೆಗೆಸಿ ಭವಿಷ್ಯ ಹೇಳುತ್ತೇನೆಂದು ಯಾರೋ ಹೇಳಿದ್ದರಂತೆ.

"ಮದ್ವೆ ಬ್ಯಾಡ ಅಂತ ಓಗಿ ನಾಕು ವರ್ಸ ಆಯ್ತು ಕಣಮ್ಮ. ಬತ್ತಾಳಾ, ಇಲ್ವಾ, ಅದೊಂದು ನೋಡ್ಬುಡು" ಎಂದರು.

ಅವರು ತೆಗೆದ ಕಾರ್ಡಿನಲ್ಲಿ ದುಂಡಗೆ ಸುತ್ತಿದ ಬಳ್ಳಿಯ ನಡುವೆ ಒಬ್ಬ ಹೆಂಗಸು ನಿಂತಿದ್ದಳು. ಕೆಳಗೆ ಏನು ಬರೆದಿದೆ ಎಂದು ಕೇಳಿದರು.

"ಪೂರ್ತಿ ಆಯ್ತು ಅಂತ" ಎಂದುಬಿಟ್ಟೆ.

ಅವರ ಮುಖ ಬಿಳುಚಿಕೊಂಡಿತು. "ಅಂಗಂದ್ರೆ? ಮುಗುದೋಯ್ತಾ? ಸತ್ತೋದ್ಲಾ?"

"ಅಯ್ಯೋ, ಅಂಗಲ್ಲ ಕಣವ್ವ! ಯಾವ ಕೊರತೆನೂ ಇಲ್ದೆ ನೆಮ್ದಿಯಾಗವ್ಳೆ ಅಂತ. ಅವತ್ತು ಬಸ್ಸು ಹತ್ತುವಾಗ್ಲೂ ನಗ್ತಾನೇ ಇದ್ಲು."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಕಾರ್ಡನ್ನು ಮೆಷಿನ್ನಿನ ಮೇಲಿಟ್ಟು ನನ್ನನ್ನೇ ನೋಡಿದರು.

"ಬಸ್ಸು ಹತ್ತಿಸ್ದೋಳು ನೀನಾ?"

ಇಷ್ಟು ವರ್ಷ ಅವರೆದುರು ಏನೂ ಗೊತ್ತಿಲ್ಲವೆಂದಿದ್ದ ನಾನು ಇವತ್ತು ಹೂಂ ಎಂದೆ. ಕೆನ್ನೆಗೆ ಬಾರಿಸುತ್ತಾರೆ ಎಂದುಕೊಂಡು ಕಣ್ಣು ಮುಚ್ಚಿದೆ. ಅವರು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು.

"ಅವತ್ತು ಏನಾರ ತಿಂದಿದ್ಲಾ?"

"ಹೂಂ ಕಣವ್ವ, ಎರಡು ವಡೆ ತಿಂದ್ಲು" ಎಂದೆ.

ನೀನು ಬೆಳಿಗ್ಗೆಯಿಂದ ಏನೂ ಮುಟ್ಟದೆ, ಅಳುತ್ತಲೇ ಬಸ್ಸು ಹತ್ತಿದ್ದೆ.