ಮೊದಲ ತಂಬಿಗೆ ನೀರು

ನಮ್ಮ ಶಂಕರನ ಅಪ್ಪನವರಿಗೆ,

ನೀವು ಹಾಕಿದ ನಳದ ಪೈಪನ್ನು ಹೋದ ಸಲ ನೀರು ಬಿಟ್ಟ ದಿನ ನಿಮ್ಮ ಹಾರೆಯಿಂದಲೇ ಹೊಡೆದು ಹಾಕಿದೆ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ.

ನಾನು ಮದುವೆಯಾಗಿ ಬಂದ ವರ್ಷ ನೆನಪಿದೆಯೇ? ಬೆಟಗೇರಿಯಲ್ಲಿ ನೀವು ದೊಡ್ಡ ನಳದ ಮಿಸ್ತ್ರಿ. ಸೀಸದ ಪೈಪನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಿ ನಮ್ಮ ಓಣಿಗೆಲ್ಲ ನೀರು ತಂದವರು. ನೀರು ಬರುವುದು ಎಂಟು ದಿನಕ್ಕೋ ಹತ್ತು ದಿನಕ್ಕೋ. ಬಂದ ಕೂಡಲೇ ನಳಕ್ಕೆ ಅರಿಶಿನ ಕುಂಕುಮ, ಮೊದಲ ತಂಬಿಗೆ ಮನೆಯ ಸಣ್ಣ ಕೂಸಿಗೆ. ಆ ವರ್ಷ ಒಂದು ದಿನ ಮೊದಲ ತಂಬಿಗೆಯ ನೀರು ಮಬ್ಬಾಗಿ ಕಂಡಿತು, ನಾನು ಚೆಲ್ಲಿದೆ. ಓಣಿಯ ಎದುರಿಗೇ ಕಪಾಳಕ್ಕೆ ಬಾರಿಸಿದಿರಿ. ಕಿವಿಯ ಬೆಂಡೋಲೆ ಗಟಾರಕ್ಕೆ ಬಿತ್ತು. "ಗಂಗವ್ವನ್ನ ಗಟಾರಕ್ಕ ಚೆಲ್ತೀಯೇನ?" ಅಂದಿರಿ. ಆಮೇಲೆ ನಾನು ಒಂದು ಹನಿ ಚೆಲ್ಲಲಿಲ್ಲ. ಮಕ್ಕಳಿಗೆ, ಮೊಮ್ಮಕ್ಕಳಿಗೆ, ಎಲ್ಲರಿಗೂ ಇದೇ ಕೈಯಿಂದ...

ಶಂಕರನ ಸಣ್ಣ ಮಗಳು ಪಾರಿಯನ್ನು ನೀವು ನೋಡಲಿಲ್ಲ, ನೀವು ತೀರಿಕೊಂಡ ಮೇಲೆ ಹುಟ್ಟಿದವಳು. ನಾಲ್ಕು ವರ್ಷದವಳು. ಕಲಿತ ಮಾತೆಲ್ಲ ಒಂದೊಂದಾಗಿ ಬಿಟ್ಟಳು. ಹೊಟ್ಟೆ ಹಿಂಡಿದಾಗ ತಲೆಯನ್ನು ನೆಲಕ್ಕೆ ಬಡಿದುಕೊಳ್ಳುವಳು. ಹುಬ್ಬಳ್ಳಿಯ ಡಾಕ್ಟರು ರಕ್ತ ನೋಡಿ, ಸೀಸ ಸೇರಿದೆ ಎಂದರು. ಮನೆಯಲ್ಲಿ ನೀರು ಹೇಗೆ ಕೊಡುತ್ತೀರಿ ಎಂದು ಕೇಳಿದರು. ಮೊದಲ ತಂಬಿಗೆಯ ಸಂಗತಿಯನ್ನು ನಾನು ಹೆಮ್ಮೆಯಿಂದ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಅಜ್ಜಿ, ಅದು ಹತ್ತು ದಿನ ಸೀಸದ ಪೈಪಿನ್ಯಾಗ ನಿಂತ ನೀರು. ಕುದಿಸಿದರೂ ಹೋಗಂಗಿಲ್ಲ. ಮೊದಲಿಂದು ಚೆಲ್ಲಬೇಕಿತ್ತು."

ಚೆಲ್ಲಿದ್ದೆನಲ್ಲ, ಒಂದು ಸಲ. ಅದನ್ನು ಡಾಕ್ಟರಿಗೆ ಹೇಗೆ ಹೇಳಲಿ?

ನೀರಿನ ಆಫೀಸಿಗೆ ಮೂರು ಸಲ ಹೋದೆ. "ಪೈಪ್ ಬದಲಿ ಮಾಡೂದು ಬರೋ ವರ್ಷ ನೋಡೂಣು ಯವ್ವಾ" ಎಂದ ಅಲ್ಲಿನ ಗುಮಾಸ್ತ. "ಅಲ್ಲೀತನಕ ನಿನ್ನ ಮಗನ್ನ ಕಳಸು, ನಮ್ಮ ನಳದ ನೀರು ಕುಡಸ್ತೀನಿ" ಎಂದೆ. ರಟ್ಟೆ ಹಿಡಿದು ಹೊರಗೆ ತಳ್ಳಿದ.

ನೀರು ಬಿಟ್ಟ ದಿನ ಹಾರೆ ಎತ್ತಿದೆ. ಸೀಸ ಮೆತ್ತಗಿತ್ತು, ಒಡೆಯಲಿಲ್ಲ. ಕರುಳಿನ ಹಾಗೆ ಹರಿದು ಬಾಯ್ಬಿಟ್ಟಿತು. ನೀರು ಓಣಿಯ ತುಂಬ ಚಿಮ್ಮಿತು. ಪಕ್ಕದ ಮನೆಯ ಕಮಲವ್ವ ಓಡಿಬಂದು ನನ್ನ ತುರುಬು ಹಿಡಿದು ಜಗ್ಗಿದಳು.

"ಹುಚ್ಚಿ, ನೀರು ಬಂದ ದಿನಾನ ಒಡಿತೀಯಲ್ಲ, ನಾವೇನು ಕುಡಿಯೂಣು?"

ಅವಳ ಕೈ ಕಚ್ಚಿದೆ. ರಕ್ತ ಬಂತು. "ನಿನ್ನ ಮೊಮ್ಮಗಗ ಇವತ್ತ ಮೊದಲ ತಂಬಗಿ ಕುಡಿಸಿದಿಯೇನ? ಪಾರಿಗೆ ವಿಷ ಕುಡಿಸಿದಾಕಿ ನಾನ. ನೀನೂ ಕುಡಸು, ಹೋಗು" ಎಂದು ಡಾಕ್ಟರ ಮಾತನ್ನೆಲ್ಲ ಒದರಿದೆ.

ಅವಳ ಕೈ ಸಡಿಲಾಯಿತು. ಹೊಸ್ತಿಲಲ್ಲಿ ಕೂತಿದ್ದ ಪಾರಿಯನ್ನು ನೋಡಿದಳು. ಆಮೇಲೆ ನನ್ನ ಕೈಯ ಹಾರೆ ಕಸಿದುಕೊಂಡಳು. ನನ್ನ ತಲೆಗೇ ಬಂತು ಅಂದುಕೊಂಡೆ. ಇಲ್ಲ. ತನ್ನ ಮನೆಯ ಪೈಪಿಗೆ ಹೊಡೆದಳು. ಸಂಜೆಯೊಳಗೆ ಓಣಿಯ ಒಂದು ನಳವೂ ಉಳಿಯಲಿಲ್ಲ. ಆಗ ಬಂದರು ನೋಡಿ ಆಫೀಸಿನವರು, ಓಡುತ್ತ.

ಈಗ ಎಲ್ಲರ ಮನೆಗೂ ಕಪ್ಪು ಪ್ಲಾಸ್ಟಿಕ್ ಪೈಪು. ಇವತ್ತು ನೀರು ಬಂತು. ಪಾರಿ ರೂಢಿಯಂತೆ ಲೋಟ ಹಿಡಿದು ನಿಂತಳು. ಮೊದಲ ತಂಬಿಗೆಯನ್ನು ಅವಳ ಎದುರಿಗೇ ಗಟಾರಕ್ಕೆ ಸುರಿದೆ. ಸಿಟ್ಟಿಗೆ ಲೋಟದಿಂದ ನನ್ನ ಮೊಣಕಾಲಿಗೆ ಹೊಡೆದಳು, ಥೇಟ್ ನಿಮ್ಮ ಹಾಗೆ. ಮಾತು ಮರಳುತ್ತದೋ ಇಲ್ಲವೋ, ಡಾಕ್ಟರು ಹೇಳಿಲ್ಲ. ಹೊಡೆಯಲಿ. ಇನ್ನು ಮೇಲೆ ಈ ಮನೆಯಲ್ಲಿ ನನ್ನನ್ನು ಹೊಡೆಯುವ ಹಕ್ಕು ಅವಳೊಬ್ಬಳಿಗೇ.

ನೀವು ಪೈಪು ಹಾಕಿದ ಓಣಿ ಇನ್ನೂ ಎರಡಿವೆ. ಹಾರೆಯನ್ನು ಬಾಗಿಲ ಹಿಂದೆಯೇ ಇಟ್ಟಿದ್ದೇನೆ.

ಗೌರವ್ವ