ಖಮೀಸಿನ ಬೆಟ್ಟ ಯಾವ ಸಾಲಿನದು

ಖಮೀಸ್ ಮುಶೈತ್, ಸೌದಿ ಅರೇಬಿಯಾ
೧೪ ನವೆಂಬರ್ ೨೦೨೪

ನನ್ನ ಮುದ್ದು ಹನಾನ್,

ಅಸ್ಸಲಾಮು ಅಲೈಕುಂ. ಊರಿಗೆ ಹೋಗುವವರು ಯಾರೂ ಸಿಗದೆ ಈ ಕಾಗದ ತಡವಾಯಿತು, ಕೋಪ ಮಾಡಬೇಡ. ನಾಳೆ ನಮ್ಮ ಆಸ್ಪತ್ರೆಯ ಡ್ರೈವರ್ ನಝೀಮಣ್ಣ ಮಂಗಳೂರಿಗೆ ಹೊರಟಿದ್ದಾರೆ. ಅವರ ಕಾರ್ಟನ್ನಿನಲ್ಲಿ ನಿನಗೆ ಖರ್ಜೂರ, ದೊಡ್ಡಮ್ಮನಿಗೆ ಮಂಡಿನೋವಿನ ಮುಲಾಮು ಇದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನೀನು ಹ್ಞೂಂ ಹ್ಞೂಂ ಎನ್ನುತ್ತೀಯೇ ಹೊರತು ಕೇಳಿಸಿಕೊಳ್ಳುವುದಿಲ್ಲ.

ನಿನ್ನ ಸಮಾಜ ಪರೀಕ್ಷೆಯ ಪೇಪರಿನ ಫೋಟೋವನ್ನು ದೊಡ್ಡಮ್ಮ ಕಳಿಸಿದ್ದರು. ಹಿಮಾಲಯದ ಮೂರೂ ಸಾಲು ಸರಿಯಾಗಿ ಬರೆದಿದ್ದೀಯ. ಒಳಗೆ ಸದಾ ಹಿಮವಿರುವ ಹಿಮಾದ್ರಿ, ನಡುವೆ ಹಿಮಾಚಲ, ಹೊರಗೆ ಗಿಡ್ಡ ಶಿವಾಲಿಕ್. ಶಾಬಾಶ್! ಆದರೆ ಮಡಿಕೆ ಪರ್ವತಕ್ಕೆ ಉದಾಹರಣೆ ಕೇಳಿದರೆ ಆಲ್ಪ್ಸ್ ಪಕ್ಕದಲ್ಲಿ "ಖಮೀಸಿನ ಬೆಟ್ಟ" ಎಂದು ಬರೆಯುವುದಾ ಮಾರಾಯ್ತಿ? ಟೀಚರ್ ಎಳೆದ ಕೆಂಪು ಗೆರೆ ನೋಡಿ ನಗು ಬಂತು, ಆಮೇಲೆ ಅಳು ಬಂತು. ನೀನು ಚಿಕ್ಕವಳಿದ್ದಾಗ ಇಲ್ಲಿನ ಅಲ್ ಸೂದಾ ಬೆಟ್ಟದ ಮಂಜಿನಲ್ಲಿ ನಿಂತು ನಿನ್ನ ಉಪ್ಪ "ಇದೇ ನಮ್ಮ ಹಿಮಾಲಯ" ಎಂದದ್ದನ್ನು ಇನ್ನೂ ನಂಬಿದ್ದೀಯಲ್ಲ!

ಮೊನ್ನೆ ನಝೀಮಣ್ಣನ ಮನೆಯವರ ಜೊತೆ ಅಲ್ಲಿಗೆ ಹೋಗಿದ್ದೆ. "ಈ ಚಳಿಗೆ ಎಂತ ನೋಡ್ತೀರಿ ಸಿಸ್ಟರ್?" ಎಂದರು. "ಮಗಳ ಕಟ್ಟಾದ ಮಾರ್ಕು ಹುಡುಕ್ತಿದ್ದೇನೆ" ಎಂದೆ. ಮರಿಯನ್ನು ಹೊಟ್ಟೆಗೆ ಅಂಟಿಸಿಕೊಂಡಿದ್ದ ಒಂದು ಮಂಗ ನಮ್ಮ ಖುಬೂಸ್ ಕಸಿದುಕೊಂಡು ಓಡಿತು. ರೊಟ್ಟಿ ಹೋದರೆ ಹೋಗಲಿ, ಆ ಮರಿಯನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಟೀಚರ್ ಹೇಳಿದ್ದು ಸರಿ. ಹಿಮಾಲಯ ಎರಡು ನೆಲಗಳು ಒಂದನ್ನೊಂದು ಒತ್ತಿ ಎದ್ದದ್ದು. ಇದು ಹಾಗಲ್ಲ. ಅರೇಬಿಯಾ ಆಫ್ರಿಕಾದಿಂದ ಹರಿದು ದೂರವಾಗಿ, ನಡುವೆ ಕೆಂಪು ಸಮುದ್ರ ಬಂದು, ಹರಿದ ಅಂಚು ಮೇಲೆದ್ದು ಬೆಟ್ಟವಾಯಿತಂತೆ.

ಉಪ್ಪ ತೀರಿಕೊಂಡ ಮೇಲೆ, ನನ್ನ ನೈಟ್ ಡ್ಯೂಟಿಯಲ್ಲಿ ನಿನ್ನನ್ನು ನೋಡಿಕೊಳ್ಳುವವರಿಲ್ಲದೆ ಊರಲ್ಲಿ ದೊಡ್ಡಮ್ಮನ ಹತ್ತಿರ ಬಿಟ್ಟೆ. ನಿನ್ನ ಹಾಸಿಗೆ ಇನ್ನೂ ಹಾಗೇ ಇದೆ. ಏಪ್ರಿಲ್ ರಜೆಗೆ ವಿಸಿಟ್ ವೀಸಾ ಹಾಕಲಾ ಎಂದು ಕೇಳಿದಾಗಲೆಲ್ಲ "ನೋಡುವಾ" ಎನ್ನುತ್ತೀ. ಎಂತ ನೋಡುವುದು? ಬಾ ಮಗಳೇ, ನಿನ್ನನ್ನು ನೋಡದೆ ನನ್ನಿಂದ ಆಗುತ್ತಿಲ್ಲ.

ಅಲ್ಲಾಹು ನಿನ್ನನ್ನು ಕಾಪಾಡಲಿ. ದೊಡ್ಡಮ್ಮನ ಮಾತು ಕೇಳು, ತಲೆಗೆ ಎಣ್ಣೆ ಹಚ್ಚಿಕೋ.

ನಿನ್ನ ಉಮ್ಮ,
ಜಸ್ನಾ

ತಾ.ಕ.: ಕಳೆದ ಶುಕ್ರವಾರ ಮಾತಾಡಿ ಮುಗಿದ ಮೇಲೆ ನೀನು ಫೋನ್ ಕಟ್ ಮಾಡಿರಲಿಲ್ಲ. ದೊಡ್ಡಮ್ಮನನ್ನು "ಉಮ್ಮಾ, ಹಸಿವಾಗ್ತದೆ" ಎಂದು ಕರೆದದ್ದು ಕೇಳಿಸಿತು. ಕೋಪವಿಲ್ಲ, ಸಾಕುವವರನ್ನು ಹಾಗೆ ಕರೆದರೆ ತಪ್ಪೇನು? ಅವರು ಒಳಸಾಲಿನಲ್ಲೇ ಇರಲಿ. ನನ್ನನ್ನು ಹೊರಸಾಲಿಗೆ ಹಾಕಿದರೂ ಅಡ್ಡಿಯಿಲ್ಲ. ಕೆಂಪು ಗೆರೆ ಮಾತ್ರ ಎಳೆಯಬೇಡ.