ಪೈಪಿಗೇನೂ ಆಗಲಿಲ್ಲ

ಮಾರ್ಚ್ 4

ಬೆಳಿಗ್ಗೆಯಿಂದ ಮತ್ತೆ ಅದೇ ವಿಡಿಯೋ. ಕಣ್ಣು ಉರಿ. ಸಮುದ್ರದ ತಳದಲ್ಲಿ ರೋಬೋಟು ನಮ್ಮ ಕಂಪನಿಯ ಎಣ್ಣೆ ಪೈಪಿನ ಪಕ್ಕ ಆಮೆಯ ಹಾಗೆ ತೆವಳುತ್ತದೆ, ನಾನಿಲ್ಲಿ ಕಾಫಿ ಆರಿಸಿಕೊಂಡು ನೋಡುತ್ತೇನೆ. ಎರಡನೇ ತಿರುವು ದಾಟಿದ ಮೇಲೆ ಪೈಪಿನ ಕೆಳಗೆ ನೆಲವೇ ಇಲ್ಲ. ಪ್ರವಾಹ ಮರಳನ್ನು ಕೊರೆದುಕೊಂಡು ಹೋಗಿದೆ. ಎರಡು ದಿಬ್ಬಗಳ ನಡುವೆ ಪೈಪು ಸೇತುವೆಯ ಹಾಗೆ ತೂಗಿಕೊಂಡಿದೆ. ಅಡಿಯಲ್ಲಿ ಮೊಣಕಾಲೆತ್ತರದ ಸಂದಿ.

ಭಾರಕ್ಕೆ ಜಗ್ಗುವುದು ದೊಡ್ಡ ಮಾತಲ್ಲ. ಭಯ ಇರುವುದು ನಡುಕದ್ದು. ಅಡ್ಡ ಹರಿಯುವ ನೀರು ಪೈಪಿನ ಮೇಲೊಂದು, ಕೆಳಗೊಂದು ಸುಳಿ ಬಿಡುತ್ತದೆ. ಸುಳಿಯ ತಾಳಕ್ಕೆ ಪೈಪಿನ ತಾಳ ಕೂಡಿಬಿಟ್ಟರೆ ಉಕ್ಕು ದಣಿದು ಬಿರಿಯುತ್ತದೆ. ಸಂಜೆವರೆಗೂ ಲೆಕ್ಕ. ಕೂಡುವುದಿಲ್ಲ. ಪಾಸ್.

ಬಾಸ್: "ಹಾಗಾದ್ರೆ ಕೆಳಗೆ ಸಿಮೆಂಟ್ ಚೀಲ ತುಂಬೋದನ್ನ ಮುಂದಿನ ಸೀಸನ್‌ಗೆ ಇಟ್ಕೊಳ್ಳೋಣ."

ತಲೆಯಾಡಿಸಿದೆ.

ಮಾರ್ಚ್ 9, ಭಾನುವಾರ

ಅಕ್ಕನ ಮನೆಯಲ್ಲಿ ಊಟ. ಮೀನು ಹಿಡಿಯುವ ತಮ್ಮ ಟ್ರಾಲರ್ ದೋಣಿಗೆ ಭಾವ ತಾವೇ ಬಣ್ಣ ಹೊಡೆದಿದ್ದಾರೆ, ಉಗುರ ಸಂದಿಯಲ್ಲಿ ಇನ್ನೂ ನೀಲಿ. ಅವರಿಗೆ ನಾನು 'ಕೊಳವೆ ಡಾಕ್ಟ್ರು'.

"ಬನ್ನಿ ಡಾಕ್ಟ್ರೇ, ನಿಮ್ಮ ಪೇಷೆಂಟ್ ಹೇಗಿದ್ದಾನೆ?"

"ಮಲಗಿದ್ದಾನೆ."

"ಮಲಗಿದ್ದೋನ ಸುತ್ತಾನೇ ಮೀನು ಜಾಸ್ತಿ ನೋಡಿ." ತಟ್ಟೆಯಿಂದ ತಲೆ ಎತ್ತದೆ ಮುಂದುವರಿಸಿದರು: "ಅಲ್ಲಾ, ಅವನ ಮೇಲೆ ಬಲೆ ಎಳೆದ್ರೆ ಏನಾದ್ರೂ ಆಗುತ್ತಾ? ಒಡೆದು ಗಿಡೆದು ಹೋದ್ರೆ ನಿಮ್ಮ ತಲೆಗೆ ಬರುತ್ತಲ್ಲ."

"ಪೈಪಿಗೇನೂ ಆಗಲ್ಲ ಭಾವ. ನಿಮ್ಮಂಥ ಹತ್ತು ದೋಣಿ ಎಳೆದ್ರೂ ಜಗ್ಗಲ್ಲ."

ಅಕ್ಕ ಸೌಟು ಹಿಡಿದೇ ಗದರಿದಳು. "ಊಟದ ಹೊತ್ತಲ್ಲೂ ಪೈಪೇನಾ? ಸಾಕು ಕಣೇ."

ನಕ್ಕೆವು. ಭಾವ ಇನ್ನೊಮ್ಮೆ ಬಡಿಸಿಕೊಂಡರು.

ಮಾರ್ಚ್ 18

ಬಲೆಯ ಲೆಕ್ಕ. ಬಲೆಯ ಬಾಯಿ ಅಗಲಿಸಲು ಎರಡು ಉಕ್ಕಿನ ಹಲಗೆ ಇರುತ್ತವೆ, ತಳದಲ್ಲಿ ಎಳೆದಾಡುತ್ತವೆ. ಪೈಪು ಮರಳಿನ ಮೇಲೆ ಕೂತಿದ್ದರೆ ಹಲಗೆ ಹಾರಿ ದಾಟುತ್ತದೆ. ಕೆಳಗೆ ಸಂದಿಯಿದ್ದರೆ ನುಸುಳಿ ಸಿಕ್ಕಿಕೊಳ್ಳಬಹುದು. ಆಗ ಪೈಪು ತಡೆಯುತ್ತದೆಯೇ? ತಡೆಯುತ್ತದೆ.

ಬಂದರಿಗೆ ಎಚ್ಚರಿಕೆ ಕಳಿಸಬೇಕಲ್ಲ ಎಂದೆ. "ರಿಪೇರಿ ತಾರೀಕು ಗೊತ್ತಾಗ್ಲಿ, ಒಟ್ಟಿಗೆ ಕಳಿಸೋಣ. ಸುಮ್ನೆ ಗಾಬರಿ ಯಾಕೆ?" ಎಂದರು ಬಾಸ್. ಸರಿ ಎನ್ನಿಸಿತು.

ಭಾವನಿಗಾದರೂ ಹೇಳಬೇಕು. ಈಗ ಸಮುದ್ರದಲ್ಲಿರುತ್ತಾರೆ, ಫೋನ್ ಸಿಗದು... ಭಾನುವಾರ ಹೇಗೂ ಹೋಗುತ್ತೇನಲ್ಲ.

ಮಾರ್ಚ್ 23, ಭಾನುವಾರ

ಹೋಗಲಿಲ್ಲ. ಒಗೆಯುವ ಬಟ್ಟೆ ರಾಶಿ ಬಿದ್ದಿತ್ತು, ಮೈಗೂ ಸೋಮಾರಿತನ. ಮುಂದಿನ ವಾರ.

ಮಾರ್ಚ್ 27, ಸಂಜೆ

ಕಂಟ್ರೋಲ್ ರೂಮಿನಿಂದ ಫೋನ್. ಒತ್ತಡ ಇಳಿದಿಲ್ಲ, ಸೋರಿಕೆ ಇಲ್ಲ, ಗಾಬರಿ ಬೇಡ. ಆದರೆ ಲೈನಿನ ಹತ್ತಿರ ಒಂದು ಟ್ರಾಲರ್ ಮುಳುಗಿದೆಯಂತೆ.

ಎಲ್ಲಿ ಎಂದೆ. ಎರಡನೇ ತಿರುವು ದಾಟಿ.

ಬಣ್ಣ ಯಾವುದು ಎಂದೆ.

ಏಪ್ರಿಲ್ 20

ಇಷ್ಟು ದಿನ ಪೆನ್ನು ಹಿಡಿಯಲಾಗಲಿಲ್ಲ.

ಇಬ್ಬರು ಬದುಕಿದರು. ಭಾವ ಸಿಗಲಿಲ್ಲ. ಹುಡುಕುವುದನ್ನೂ ನಿಲ್ಲಿಸಿದ್ದಾರೆ.

ಇವತ್ತು ಅವರ ಇಂಜಿನ್ ಡ್ರೈವರ್ ಅಕ್ಕನ ಮನೆಗೆ ಬಂದಿದ್ದ. ನೆಲ ನೋಡಿಕೊಂಡೇ ಹೇಳಿದ. "ಹಲಗೆ ಸಿಕ್ಕಾಕ್ಕೊಳ್ತು. ಬಲೆಯ ತಂತಿ ಕಡಿದುಬಿಡೋಣ ಅಂದೆ ನಾನು. ಬೇಡ, ಪೈಪಿಗೇನೂ ಆಗಲ್ಲ, ಡಾಕ್ಟ್ರೇ ಹೇಳಿದ್ದಾರೆ, ವಿಂಚ್ ಹಾಕು ಅಂದ್ರು." ತಂತಿ ಸುತ್ತುವ ಆ ಯಂತ್ರ ಎಳೆಯಿತು. ಪೈಪು ಜಗ್ಗಲಿಲ್ಲ, ಅದರ ಬದಲು ದೋಣಿಯ ಹಿಂಭಾಗ ಕೆಳಕ್ಕೆ ಜಗ್ಗಿತು. ಅಷ್ಟರಲ್ಲಿ ಒಂದು ಅಲೆ ಹಿಂದಿನಿಂದ ಹತ್ತಿತು. ಇವರಿಬ್ಬರಿಗೆ ಹಾರಿ ಎಂದು ಕೂಗಿ ಭಾವ ವಿಂಚಿನ ಕಡೆಗೆ ಓಡಿದರು.

ಡಾಕ್ಟ್ರು ಯಾರೆಂದು ಅವನಿಗೆ ಗೊತ್ತಿಲ್ಲ. ಅಕ್ಕನಿಗೆ ಗೊತ್ತು. ಅವಳ ಮುಖ ನೋಡುವ ಧೈರ್ಯ ಬರಲಿಲ್ಲ.

ಏಪ್ರಿಲ್ 23

ರೋಬೋಟಿನ ಹೊಸ ವಿಡಿಯೋ ಬಂತು. "ನೀವು ನೋಡ್ಬೇಡಿ, ಬೇರೆಯವರಿಗೆ ಕೊಡ್ತೀನಿ," ಎಂದರು ಬಾಸ್. ನೋಡಿದೆ.

ಕಾಂಕ್ರೀಟ್ ಹೊದಿಕೆಯ ಮೇಲೆ ಅಂಗೈ ಉದ್ದದ ಗೀರು. ಅಷ್ಟೇ. ಪೈಪಿಗೇನೂ ಆಗಿಲ್ಲ. ನನ್ನ ಲೆಕ್ಕ ಸರಿ. ಸ್ವಲ್ಪ ಆಚೆ ದೋಣಿ, ಪಕ್ಕಕ್ಕೆ ಮಲಗಿದೆ.

ಎಳೆಯುವವರಿಗೆ ಏನಾದೀತೆಂದು ಒಂದು ಗೆರೆಯ ಲೆಕ್ಕವನ್ನೂ ಹಾಕಿರಲಿಲ್ಲ. ಭಾವ ಕೇಳಿದ್ದೂ ಪೈಪಿನ ಬಗ್ಗೆಯೇ — ನನ್ನ ತಲೆಗೆ ಬರಬಾರದೆಂದು.

ಮೇ 11

ಎಲ್ಲ ಬಂದರುಗಳಿಗೂ ಎಚ್ಚರಿಕೆ ಹೋಯಿತು. ಸಿಮೆಂಟ್ ಚೀಲಗಳೂ ಇಳಿದವು. ಮುಂದಿನ ಸೀಸನ್ ಎಂದದ್ದು ಒಂದೇ ವಾರದಲ್ಲಿ ಮುಗಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಸಂಜೆ ಅಕ್ಕನ ಅಡುಗೆಮನೆಯಲ್ಲಿ ಕೂತಿದ್ದೆ. ಅವಳು ಪಾತ್ರೆ ಒರೆಸುತ್ತ, ನನ್ನ ಕಡೆ ತಿರುಗದೆ, "ಅವತ್ತು ಸಾಕು ಅಂತ ಬಾಯಿ ಮುಚ್ಚಿಸಿದವಳು ನಾನು. ಇಲ್ದಿದ್ರೆ ಇನ್ನೊಂದು ಮಾತು ಕೇಳ್ತಿದ್ರೋ ಏನೋ," ಎಂದಳು.

ಇಷ್ಟು ದಿನ ಅವಳು ಹೊತ್ತಿದ್ದು ಇದನ್ನ! ನಾನು ನನ್ನದೇ ಹಿಡಿದು ಕೂತಿದ್ದೆ.

"ಇಲ್ಲ ಅಕ್ಕ. ಆಮೇಲೆ ನನಗೆ ಗೊತ್ತಾಗಿತ್ತು. ಹಲಗೆ ಸಿಕ್ಕಿಕೊಳ್ಳಬಹುದು ಅಂತ. ಭಾನುವಾರ ಬಂದು ಹೇಳ್ತೀನಿ ಅಂದ್ಕೊಂಡೆ. ಬರಲಿಲ್ಲ."

"ಯಾಕೆ ಬರಲಿಲ್ಲ?"

"ಬಟ್ಟೆ ಒಗೆಯೋದಿತ್ತು."

ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸಿದಳು. ಬಹಳ ಹೊತ್ತು. ಕೊನೆಗೆ, "ಕತ್ತಲಾಗುತ್ತೆ, ಹೊರಡು," ಎಂದಳು.

ಆಗಸ್ಟ್ 31

ಮೂರೂವರೆ ತಿಂಗಳಾದ ಮೇಲೆ ಅಕ್ಕನ ಫೋನ್. "ಆ ಜಾಗ ನೋಡ್ಬೇಕು. ನೀನೇ ಕರ್ಕೊಂಡು ಹೋಗು."

ಇವತ್ತು ಹೋದೆವು. ಇಂಜಿನ್ ಡ್ರೈವರ್ ಈಗ ಕೆಲಸ ಮಾಡುವ ದೋಣಿ. ಎರಡನೇ ತಿರುವಿನ ಮೇಲೆ ಅವನು ಇಂಜಿನ್ ನಿಲ್ಲಿಸಿದ. ನೋಡಲಿಕ್ಕೆ ಏನೂ ಇಲ್ಲ. ಎಲ್ಲ ಕಡೆಯಂತೆ ನೀರು.

ಅಕ್ಕ ಅಂಚು ಹಿಡಿದು ಬಗ್ಗಿ ನೋಡಿದಳು. ಎಷ್ಟು ಆಳ ಎಂದು ಕೇಳಿದಳು, ಹೇಳಿದೆ. ತಣ್ಣಗಿರುತ್ತಾ ಎಂದಳು, ಹೂಂ ಎಂದೆ. ನನ್ನ ಮೊಣಕೈ ಹಿಡಿದುಕೊಂಡಳು. ಅಷ್ಟು ದಿನಗಳ ಮೇಲೆ ಮೊದಲ ಸಲ ಮುಟ್ಟಿದ್ದು.

"ಕೆಳಗೆ ಬೆಳಕು ಇರುತ್ತಾ?"

ಆ ದೋಣಿಯಲ್ಲಿದ್ದವರಲ್ಲಿ ತಳವನ್ನು ನೋಡಿದವಳು ನಾನೊಬ್ಬಳೇ. ರೋಬೋಟಿನ ದೀಪ ಆರಿಸಿದರೆ ಅಲ್ಲಿ ಏನಿದೆ ಎಂದು ಬಲ್ಲೆ. ಸ್ವಲ್ಪ ಇರುತ್ತೆ ಅಂದರೆ ಅವಳಿಗೆ ಸಮಾಧಾನ. ನನ್ನ ಮಾತನ್ನು ಇನ್ನೂ ನಂಬುವ ಕಣ್ಣಿನಿಂದಲೇ ನೋಡುತ್ತಿದ್ದಳು. ಬಾಯಿ ತೆರೆದೆ. "ಇರಲ್ಲ ಅಕ್ಕ, ಪೂರಾ ಕತ್ತಲು," ಎಂದೆ. ಅವಳು ನನ್ನ ಮೊಣಕೈ ಬಿಡಲಿಲ್ಲ.